ತುಕ್ಕಿಗೂ ಒಂದು ಕಾರಣ ಬೇಕು

ಕಡಲ ದಂಡೆಯವರಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾರವಾರದಲ್ಲಿ ಕಿಟಕಿಯ ಸರಳು, ಗೇಟಿನ ಕೊಂಡಿ, ಬೈಕಿನ ಸೈಲೆನ್ಸರ್ ಎಲ್ಲದಕ್ಕೂ ಉಪ್ಪುಗಾಳಿ ಹೊಡೆಯುತ್ತದೆ. ಆದರೆ ಎಲ್ಲ ಕಡೆ ಒಂದೇ ಥರ ಹೊಡೆಯುವುದಿಲ್ಲ. ಸಮುದ್ರದ ಕಡೆಗಿರುವ ಕಿಟಕಿ ಮೊದಲು ಹೋಗುತ್ತದೆ. ಹಿತ್ತಿಲ ಕಡೆಯದು ಎಷ್ಟೋ ವರ್ಷ ತಡೆಯುತ್ತದೆ. ದಿನಾ ಕೈ ಆಡುವ ಚಿಲಕ ನುಣ್ಣಗೆ ಹೊಳೆಯುತ್ತಿರುತ್ತದೆ, ಅದನ್ನು ಹಿಡಿದಿರುವ ಸ್ಕ್ರೂ ಮಾತ್ರ ಕೆಂಪಗೆ ಉದುರುತ್ತಿರುತ್ತದೆ. ಯಾವ ತುಕ್ಕು ಎಲ್ಲಿ ಬಂತು, ಯಾಕೆ ಬಂತು ಅನ್ನೋದನ್ನು ನಾವು ಯೋಚಿಸದೆಯೇ ಓದಿಬಿಡುತ್ತೇವೆ.

ನಾನು ಗಿಟಾರ್ ರಿಪೇರಿ ಮಾಡುವವನು. ಊರಿನ ಬ್ಯಾಂಡಿನವರು, ಚರ್ಚಿನ ಕ್ವಾಯರಿನವರು, ಗೋವಾದ ಹೋಟೆಲುಗಳಲ್ಲಿ ನುಡಿಸುವವರು ನನ್ನ ಹತ್ತಿರ ಬರುತ್ತಾರೆ. ಈಚೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ವಿದೇಶದಲ್ಲಿ ಹರಾಜಿಗೆ ಬಂದ ಹಳೇ ಎಲೆಕ್ಟ್ರಿಕ್ ಗಿಟಾರಿನ ಫೋಟೋ ಕಳಿಸಿ "ಇದು ಅಸಲಿಯಾ? ಕೂಗಬಹುದಾ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಬೆಂಗಳೂರು, ಪಣಜಿ, ದುಬೈಯಲ್ಲಿರುವ ನಮ್ಮ ಕಡೆಯ ಹುಡುಗರೇ ಹೆಚ್ಚು. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಇಷ್ಟು: ಹಳೇ ಗಿಟಾರಿನ ಮೇಲಿರುವ ಪ್ರತಿ ಗುರುತಿಗೂ ಒಂದು ಕಾರಣ ಇರಬೇಕು. ಆ ಕಾರಣಗಳು ಒಂದಕ್ಕೊಂದು ತಾಳೆಯಾಗಬೇಕು.

ನಕಲಿ ಅಂದ ಕೂಡಲೇ ಯಾರೋ ಇಡೀ ಗಿಟಾರನ್ನೇ ಕಳ್ಳತನದಲ್ಲಿ ತಯಾರಿಸಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಅಂಥದ್ದೂ ಉಂಟು. ಆದರೆ ಹರಾಜಿನಲ್ಲಿ ಹೆಚ್ಚಾಗಿ ಎದುರಾಗುವುದು ಅರ್ಧ ಸತ್ಯ. 1962ರ ಬಾಡಿ, ಅಂದರೆ ಗಿಟಾರಿನ ಒಡಲು; 1966ರ ನೆಕ್, ಅಂದರೆ ಉದ್ದನೆಯ ಕತ್ತು. ಅಸಲಿ ಮರ, ಆಮೇಲೆ ಹೊಡೆದ ಬಣ್ಣ. ಅಸಲಿ ಬಣ್ಣ, ಒಳಗೆ ಹೊಸ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಸುರುಳಿ. ಅಮೆರಿಕದ ಫೆಂಡರ್ ಕಂಪನಿಯ ಗಿಟಾರುಗಳಲ್ಲಿ ಇದು ತೀರಾ ಸುಲಭ, ಯಾಕೆಂದರೆ ನೆಕ್ ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಕಂಪನಿ ಕಟ್ಟಿದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಕೆಟ್ಟದ್ದನ್ನು ಬಿಚ್ಚಿ ಬೇರೆ ಹಾಕಲು ಬರಬೇಕು ಅನ್ನುವುದು ರಿಪೇರಿಯವನ ಬುದ್ಧಿ. ನನಗೆ ಆ ಬುದ್ಧಿಯ ಮೇಲೆ ಬಹಳ ಗೌರವ. ಅದೇ ಅನುಕೂಲ ಈಗ ಮೋಸಕ್ಕೂ ದಾರಿಯಾಗಿದೆ.

ಒಂದು ವರ್ಷದ ವ್ಯತ್ಯಾಸಕ್ಕೆ ಬೆಲೆ ಎಷ್ಟು ಬದಲಾಗುತ್ತದೆ ಅಂತ ತಿಳಿಯದೆ ಈ ಮೋಸ ಅರ್ಥವಾಗುವುದಿಲ್ಲ. ಫೆಂಡರಿನ ಸ್ಟ್ರಾಟೋಕಾಸ್ಟರ್ ಎಂಬ ಮಾದರಿ ಬಂದದ್ದು 1954ರಲ್ಲಿ. 1965ರ ಜನವರಿಯಲ್ಲಿ ಫೆಂಡರ್ ಕಂಪನಿ 1.3 ಕೋಟಿ ಡಾಲರಿಗೆ ಸಿಬಿಎಸ್ ಎಂಬ ಅಮೆರಿಕದ ಪ್ರಸಾರ ಕಂಪನಿಯ ಕೈಗೆ ಹೋಯಿತು. ಅದಕ್ಕಿಂತ ಮುಂಚಿನವನ್ನು 'ಪ್ರಿ-ಸಿಬಿಎಸ್' ಅಂತ ಕರೆಯುತ್ತಾರೆ, ಅವುಗಳ ದರವೇ ಬೇರೆ. ಹಾಗಾಗಿ 1966ರ ಗಿಟಾರನ್ನು 1964ಕ್ಕೆ ತಳ್ಳುವ ಆಸೆ ಮಾರುವವನಿಗೆ ಯಾವಾಗಲೂ ಇರುತ್ತದೆ.

ಎಲ್ಲರೂ ಮೊದಲು ಕೇಳುವುದು ಸೀರಿಯಲ್ ನಂಬರ್. ನಾನು ಅದನ್ನು ಕೊನೆಗೆ ನೋಡುತ್ತೇನೆ. ಆ ಕಾಲದ ಫೆಂಡರಿನಲ್ಲಿ ನಂಬರ್ ಇರುವುದು ಹಿಂಬದಿಯ ಲೋಹದ ತಗಡಿನ ಮೇಲೆ. ಸ್ಕ್ರೂ ಡ್ರೈವರ್ ಇದ್ದರೆ ಐದು ನಿಮಿಷದಲ್ಲಿ ಬೇರೆ ತಗಡು ಕೂರಿಸಬಹುದು. ಕಾರ್ಖಾನೆಯಲ್ಲೂ ತಗಡುಗಳನ್ನು ಕ್ರಮವಾಗಿ ಬಳಸುತ್ತಿರಲಿಲ್ಲ, ಡಬ್ಬದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಹತ್ತಿರ ಇದ್ದ 0001 ನಂಬರಿನ ಬಿಳಿ ಸ್ಟ್ರಾಟೋಕಾಸ್ಟರ್ 2019ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 18 ಲಕ್ಷ ಡಾಲರ್ ದಾಟಿತು. ನಂಬರ್ 0001 ಆದರೂ ಅದು ಮೊಟ್ಟಮೊದಲ ಸ್ಟ್ರಾಟೋಕಾಸ್ಟರ್ ಅಲ್ಲ. ನಂಬರ್ ಒಂದು ಸುಳಿವು ಅಷ್ಟೇ. ಉಳಿದ ಸಾಕ್ಷಿಗಳು ಅದರ ಜೊತೆ ನಿಲ್ಲುತ್ತವೆಯಾ ಅನ್ನುವುದು ಮುಖ್ಯ.

ಬಿಚ್ಚದೆಯೇ ಕಾಣುವ ಸಾಕ್ಷಿಗಳೂ ಇವೆ. 1959ರಲ್ಲಿ ಫೆಂಡರ್ ಸ್ಟ್ರಾಟೋಕಾಸ್ಟರಿಗೆ ರೋಸ್‌ವುಡ್ ಮರದ ಫ್ರೆಟ್‌ಬೋರ್ಡ್, ಅಂದರೆ ನೆಕ್ಕಿನ ಮೇಲೆ ಬೆರಳೊತ್ತುವ ಹಲಗೆ, ಹಾಕಲು ಶುರುಮಾಡಿತು. 1962ರ ನಡುವಿನ ತನಕ ಅದು ದಪ್ಪ ಹಲಗೆ, ಅಡಿಭಾಗ ಚಪ್ಪಟೆ. ಆಮೇಲೆ ತೆಳುವಾಗಿ, ಅಡಿಯೂ ಬಾಗಿರುವಂತೆ ಅಂಟಿಸತೊಡಗಿದರು. ನೆಕ್ಕಿನ ತುದಿಯನ್ನು ಓರೆಯಿಂದ ನೋಡಿದರೆ ಎರಡು ಮರ ಸೇರುವ ಗೆರೆ ಕಾಣುತ್ತದೆ. ನೇರ ಗೆರೆಯೋ ಬಾಗಿದ ಗೆರೆಯೋ, ಅಷ್ಟು ಸಾಕು. ಆ ಹಲಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್ಟಿನ ಎರಡು ಚುಕ್ಕೆಗಳ ನಡುವಿನ ಅಂತರ 1963ರ ಸುಮಾರಿಗೆ ಕಡಿಮೆಯಾಯಿತು. ಆ ಚುಕ್ಕೆಗಳು 1964ರ ತನಕ ಮಣ್ಣಿನ ಬಣ್ಣದ ಮಾಸಲು ಚುಕ್ಕೆಗಳು, ಆಮೇಲೆ ಮುತ್ತಿನ ಹೊಳಪಿನವು. 1959ರಿಂದ 1964ರ ತನಕದ ಮೂರು ಪದರದ ಪಿಕ್‌ಗಾರ್ಡ್, ಅಂದರೆ ಬಾಡಿಯ ಮುಖದ ಮೇಲಿನ ಹಾಳೆ, ಸೆಲ್ಯುಲಾಯ್ಡಿನದ್ದು. ಅದು ವರ್ಷ ಕಳೆದಂತೆ ಸ್ವಲ್ಪ ಹಸಿರಿಗೆ ತಿರುಗುತ್ತದೆ, ಕುಗ್ಗುತ್ತದೆ, ಸ್ಕ್ರೂ ಇರುವ ಕಡೆ ಬಿರುಕು ಬಿಡುತ್ತದೆ. 1961ರ ಗಿಟಾರ್ ಅಂತ ಹೇಳಿ ಪಿಕ್‌ಗಾರ್ಡ್ ಹಾಲಿನ ಬಿಳುಪಾಗಿ, ಒಂದು ಕೂದಲೆಳೆಯೂ ಕುಗ್ಗದೆ ಕೂತಿದ್ದರೆ ಅದನ್ನು ಯಾವಾಗ ಬದಲಿಸಿದರು ಅಂತ ನಾನು ಕೇಳುತ್ತೇನೆ.

ಇಷ್ಟು ಮೇಲಿನ ಮಾತಾಯಿತು. ನಿಜವಾದ ವಿಷಯ ಇರುವುದು ಒಳಗೆ.

ಶಿರಸಿಯಲ್ಲಿ ಅಡಿಕೆ ಟೆಂಡರ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ರಾಶಿಯ ಮುಂದೆ ನಿಂತ ವ್ಯಾಪಾರಿ ಮೇಲಿನ ಬಿಳುಪು ನೋಡಿ ದರ ಬರೆಯುವುದಿಲ್ಲ. ಅಡಿಯಿಂದ ಕೈ ಹಾಕಿ ನಾಲ್ಕು ಅಡಿಕೆ ತೆಗೆಯುತ್ತಾರೆ, ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ, ಆಮೇಲೆ ಚೀಟಿಯಲ್ಲಿ ದರ ಬರೆಯುತ್ತಾರೆ. ಕತ್ತರಿಸಲು ಬಿಡದ ರಾಶಿಗೆ ಯಾರೂ ಒಳ್ಳೆಯ ದರ ಬರೆಯುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಗಿಟಾರಿಗೂ ಇದೇ ನಿಯಮ ಇರಬೇಕು ಅಲ್ವಾ? ಆದರೆ ಎಷ್ಟೋ ಹರಾಜಿನ ಕ್ಯಾಟಲಾಗುಗಳಲ್ಲಿ ಮುಂಭಾಗದ ಚೆಂದದ ಫೋಟೋ ಒಂದು, ಹಿಂಭಾಗದ್ದು ಒಂದು, ತಂತಿ ಬಿಗಿಯುವ ತಲೆಯದ್ದು, ಅಂದರೆ ಹೆಡ್‌ಸ್ಟಾಕಿನದ್ದು ಒಂದು, ಅಷ್ಟೇ. ಕೆಳಗೆ 'ಇದ್ದ ಸ್ಥಿತಿಯಲ್ಲಿ ಮಾರಾಟ' ಎಂಬ ಸಾಲು. ಆ ಸಾಲು ಹರಾಜು ಮನೆಯನ್ನು ಕಾಯುವುದಕ್ಕೆ ಇದೆ. ಕೂಗುವವರನ್ನು ಕಾಯುವುದಕ್ಕಲ್ಲ. ನೆಕ್ ಬಿಚ್ಚಿದ ಫೋಟೋ, ಪಿಕ್‌ಗಾರ್ಡ್ ಎತ್ತಿದ ಫೋಟೋ ಕೇಳಿ. ಒಳ್ಳೆಯ ಹರಾಜು ಮನೆಗಳು ಕೇಳಿದರೆ ಕಳಿಸುತ್ತವೆ. ಕಳಿಸಲು ಒಪ್ಪದಿದ್ದರೆ ಆ ಗಿಟಾರನ್ನು ಬಿಟ್ಟುಬಿಡಿ. ಎಷ್ಟೇ ಮನಸ್ಸಾಗಿದ್ದರೂ ಬಿಟ್ಟುಬಿಡಿ.

ಪಿಕ್‌ಗಾರ್ಡ್ ಎತ್ತಿದರೆ ಮೊದಲು ಕಾಣುವುದು ಪಾಟ್‌ಗಳು, ಅಂದರೆ ವಾಲ್ಯೂಮ್, ಟೋನ್ ತಿರುಗಿಸುವ ಗುಬ್ಬಿಯ ಕೆಳಗಿನ ಡಬ್ಬಿಗಳು. ಅವುಗಳ ಬೆನ್ನ ಮೇಲೆ ಅಂಕಿ ಒತ್ತಿರುತ್ತಾರೆ. 3046134 ಅಂತ ಇದೆ ಅಂದುಕೊಳ್ಳಿ. ಮೊದಲ ಮೂರು ಅಂಕಿ ತಯಾರಕರದ್ದು, 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ. 137 ಇದ್ದರೆ ಸಿಟಿಎಸ್. ಆಮೇಲಿನ 61 ವರ್ಷ, 34 ಅಂದರೆ ಆ ವರ್ಷದ 34ನೇ ವಾರ. ಅಲ್ಲಿಗೆ ಈ ಪಾಟ್ ತಯಾರಾದದ್ದು 1961ರ ಆಗಸ್ಟಿನಲ್ಲಿ. ಗಿಟಾರ್ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಆದರೆ ಹೊಸದಾಗಿರಬಹುದು, ಇದನ್ನು ಮರೆಯಬಾರದು. ಸಿಬಿಎಸ್ ಕಾಲದಲ್ಲಿ 1966ರಲ್ಲಿ ಪಾಟ್‌ಗಳನ್ನು ರಾಶಿ ರಾಶಿ ಖರೀದಿಸಿ ಇಟ್ಟುಕೊಂಡರು. 1969ರ ಗಿಟಾರಿನಲ್ಲೂ 1966ರ ಪಾಟ್ ಸಿಗುವುದು ಅದಕ್ಕೇ. ಅಂಕಿ ಓದುವುದನ್ನು ಈಗ ಎಲ್ಲರೂ ಕಲಿತಿದ್ದಾರೆ, ಮೋಸ ಮಾಡುವವರೂ ಕಲಿತಿದ್ದಾರೆ. ಸರಿಯಾದ ವರ್ಷದ ಪಾಟ್ ಹುಡುಕಿ ತಂದು ಹಾಕುತ್ತಾರೆ.

ಹಾಗಾಗಿ ನಾನು ಅಂಕಿಗಿಂತ ಬೆಸುಗೆಯನ್ನು ಜಾಸ್ತಿ ಹೊತ್ತು ನೋಡುತ್ತೇನೆ. ಅರವತ್ತು ವರ್ಷ ಯಾರೂ ಮುಟ್ಟದ ಸೋಲ್ಡರ್ ಮಂಕಾದ ಬೂದು ಬಣ್ಣಕ್ಕೆ ಬಂದಿರುತ್ತದೆ. ಅದರ ಸುತ್ತ ಬೆಸುಗೆ ಹಿಡಿಯಲು ಬಳಸಿದ ಫ್ಲಕ್ಸ್ ಒಣಗಿ ಕಂದು ಬಣ್ಣದ ಪೊರೆಯಾಗಿರುತ್ತದೆ. ಪಾಟಿನ ಬೆನ್ನ ಮೇಲೆ ಕೂತ ಧೂಳು ಬೆಸುಗೆಯ ಮೇಲೂ ಅಷ್ಟೇ ದಪ್ಪಕ್ಕೆ ಕೂತಿರುತ್ತದೆ. ಮತ್ತೆ ಬಿಸಿ ಮಾಡಿದ ಬೆಸುಗೆಯಲ್ಲಿ ಈ ಮೂರೂ ಒಟ್ಟಿಗೆ ಇರುವುದಿಲ್ಲ. ಹೊಳಪು ತೆಗೆಯಲು ಏನಾದರೂ ಬಳಿದಿದ್ದರೆ ಅದು ಬೆಸುಗೆಯ ಗಡಿ ದಾಟಿ ಪಕ್ಕದ ಲೋಹಕ್ಕೂ ತಾಗಿರುತ್ತದೆ. ಬಟ್ಟೆ ಹೊದಿಸಿದ ಹಳೇ ವೈರು ಇಕ್ಕಳ ತಾಗಿದ ಕಡೆ ಎಳೆ ಬಿಟ್ಟಿರುತ್ತದೆ. ಈ ಜಾಗವನ್ನು ದೊಡ್ಡದು ಮಾಡಿ ನೋಡಲು ಬರುವಂಥ ಫೋಟೋ ಸಿಕ್ಕಿದರೆ ಅರ್ಧ ತೀರ್ಮಾನ ಆದ ಹಾಗೆ.

ಇನ್ನೊಂದು ಸಾಕ್ಷಿ ನನಗೆ ತುಂಬ ಇಷ್ಟ: ಮೊಳೆಯ ತೂತು. 1964ರ ಸುಮಾರಿನ ತನಕ ಫೆಂಡರ್ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಮುಂಚೆ ಬಾಡಿಯ ಮುಖಕ್ಕೆ ಸಣ್ಣ ಮೊಳೆಗಳನ್ನು ಹೊಡೆಯುತ್ತಿದ್ದರು. ಒಂದು ಬದಿಗೆ ಬಣ್ಣ ಹೊಡೆದು ತಿರುಗಿಸಿ ಇಟ್ಟಾಗ ಬಾಡಿ ಆ ಮೊಳೆಗಳ ಮೇಲೆ ನಿಲ್ಲುತ್ತಿತ್ತು. ಬಣ್ಣ ಒಣಗಿದ ಮೇಲೆ ಮೊಳೆ ಕೀಳುತ್ತಿದ್ದರು. ಆ ತೂತುಗಳು ಪಿಕ್‌ಗಾರ್ಡಿನ ಅಡಿಯಂಥ ಮುಚ್ಚಿದ ಜಾಗದಲ್ಲಿ ಈಗಲೂ ಉಳಿದಿರುತ್ತವೆ. ಬಣ್ಣ ಹೊಡೆಯುವಾಗ ಮೊಳೆ ಒಳಗೇ ಇತ್ತು, ಹಾಗಾಗಿ ತೂತಿನ ಒಳಗೆ ಬಣ್ಣ ಇರಲು ಸಾಧ್ಯವಿಲ್ಲ. ಬರೀ ಮರ ಕಾಣಬೇಕು, ತೂತಿನ ಬಾಯಲ್ಲಿ ಬಣ್ಣದ ಅಂಚು ಚೂಪಾಗಿ ಮುರಿದಿರಬೇಕು. ತೂತಿನ ಒಳಗೋಡೆಗೆ ಬಣ್ಣ ಇಳಿದಿದ್ದರೆ ಮೊಳೆ ತೆಗೆದ ಮೇಲೆ ಇನ್ನೊಮ್ಮೆ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ. ಎರಡು ಮಿಲಿಮೀಟರೂ ಇಲ್ಲದ ಒಂದು ತೂತು ಲಕ್ಷಾಂತರ ರೂಪಾಯಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇದನ್ನು ಯಾರೂ ಸಾಕ್ಷಿ ಆಗಲಿ ಅಂತ ಮಾಡಿರಲಿಲ್ಲ. ಕೆಲಸ ಬೇಗ ಆಗಲಿ ಅಂತ ಯಾರೋ ಕಾರ್ಮಿಕರು ಹೊಡೆದ ಮೊಳೆ ಅದು. ಅದಕ್ಕೇ ಅದರ ಮೇಲೆ ಅಷ್ಟು ನಂಬಿಕೆ ಇಡಬಹುದು.

ನೆಕ್ ಬಿಚ್ಚಿದರೆ ಅದರ ಹಿಮ್ಮಡಿಯಲ್ಲಿ ತಾರೀಕು ಇರುತ್ತದೆ. 50ರ ದಶಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು, 1962ರ ನಂತರ ರಬ್ಬರ್ ಮುದ್ರೆ. ಅದು ನೆಕ್ ತಯಾರಾದ ತಾರೀಕು. ಗಿಟಾರ್ ಜೋಡಿಸಿದ್ದು ತಿಂಗಳುಗಳ ನಂತರವೂ ಇರಬಹುದು. ನೆಕ್ ಮಾರ್ಚಿನದ್ದು, ಪಾಟ್ ಜನವರಿಯದ್ದು, ತಗಡಿನ ನಂಬರ್ ಅದೇ ವರ್ಷದ ಸುಮಾರಿನದ್ದು ಅಂದರೆ ತಾಳೆ ಕೂಡಿತು. ಎಲ್ಲದರ ಮೇಲೂ ಒಂದೇ ವಾರ ಬಿದ್ದಿದ್ದರೆ ನನಗೆ ಖುಷಿಯಲ್ಲ, ಅನುಮಾನ. ಕಾರ್ಖಾನೆ ಅಷ್ಟು ಅಚ್ಚುಕಟ್ಟಾಗಿ ನಡೆಯುತ್ತಿರಲಿಲ್ಲ.

ಮೀಟರಿನ ಬಗ್ಗೆ ಒಂದು ಮಾತು. ಪಿಕಪ್ಪಿನ ಸುರುಳಿಯ ರೆಸಿಸ್ಟನ್ಸ್ ಅಳೆದು ಕ್ಯಾಟಲಾಗಿನಲ್ಲಿ ಹಾಕುತ್ತಾರೆ. 60ರ ದಶಕದ ಸ್ಟ್ರಾಟೋಕಾಸ್ಟರಿಗೆ ಸುಮಾರು ಐದೂವರೆಯಿಂದ ಆರೂವರೆ ಕಿಲೋ ಓಮ್ ಬರುತ್ತದೆ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟನ್ಸ್ ಏರುತ್ತದೆ, ಡಿಗ್ರಿಗೆ ಶೇಕಡಾ 0.39ರಂತೆ. ಲಂಡನ್ನಿನ 15 ಡಿಗ್ರಿಯ ಕೋಣೆಯಲ್ಲಿ 6.0 ತೋರಿಸಿದ ಪಿಕಪ್ ನಮ್ಮ ಏಪ್ರಿಲಿನ 35 ಡಿಗ್ರಿಯಲ್ಲಿ 6.5ರ ಹತ್ತಿರ ತೋರಿಸುತ್ತದೆ. ಅಷ್ಟಕ್ಕೇ ಪಿಕಪ್ ಬದಲಿಸಿದ್ದಾರೆ ಅಂತ ಗಲಾಟೆ ಮಾಡುವುದು ಬೇಡ.

ಈಗ ಬಣ್ಣಕ್ಕೆ ಬರುತ್ತೇನೆ, ಅಲ್ಲಿಂದ ತುಕ್ಕಿಗೆ.

ಹಳೇ ಅಮೆರಿಕನ್ ಗಿಟಾರುಗಳ ಮೇಲಿರುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗೆಣ್ಣೆ, ಚಿಕ್ಕದಾಗಿ ನೈಟ್ರೋ. ಫೆಂಡರ್ 1968ರಲ್ಲಿ ದಪ್ಪ ಪಾಲಿಯೆಸ್ಟರಿಗೆ ಹೋಯಿತು. ನೈಟ್ರೋ ತೆಳುವಾಗಿರುತ್ತದೆ, ಹಳದಿಯಾಗುತ್ತದೆ, ಚಳಿ ದೇಶಗಳಲ್ಲಿ ತಟ್ಟನೆ ತಂಪು ತಾಗಿದಾಗ ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತದೆ. ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಿಡಿದರೆ ಹಳೇ ನೈಟ್ರೋ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ, ಆಮೇಲೆ ಬಳಿದ ತೇಪೆ ಕಪ್ಪಾಗಿ ಬೇರೆ ಕಾಣುತ್ತದೆ. ನೋಟು ಪರೀಕ್ಷೆ ಮಾಡುವ ಸಣ್ಣ ಟಾರ್ಚೇ ಸಾಕು. ಹೆಡ್‌ಸ್ಟಾಕ್ ಮುರಿದು ಅಂಟಿಸಿದ್ದನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಗಿಬ್ಸನ್ ಎಂಬ ಇನ್ನೊಂದು ಅಮೆರಿಕನ್ ಕಂಪನಿಯ ಗಿಟಾರುಗಳಲ್ಲಿ ಈ ಮುರಿತ ಬಹಳ. ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ, ಮಹಾಗನಿಯ ಎಳೆ ಅಲ್ಲಿ ಅಡ್ಡ ಕಡಿದು ಹೋಗಿರುತ್ತದೆ, ಮೇಲಿಂದ ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗಿಟ್ಟ ಸರಳು) ಬಿಗಿ ಮಾಡಲು ಕೊರೆದ ಗುಂಡಿ ಬೇರೆ. ಒಮ್ಮೆ ಮಗುಚಿ ಬಿದ್ದರೆ ಸಾಕು. ಮುರಿದು ಸರಿಮಾಡಿದ್ದಕ್ಕೆ ಬೆಲೆ ಹೆಚ್ಚೂಕಮ್ಮಿ ಅರ್ಧ. ಪೂರ್ತಿ ಬಣ್ಣ ಬದಲಿಸಿದ್ದಕ್ಕೂ ಹಾಗೇ ಅಂತ ವ್ಯಾಪಾರದಲ್ಲಿ ಮಾತು.

1958ರಿಂದ 1960ರ ತನಕ ಬಂದ, ಅಂಚು ಕೆಂಪು ನಡು ಹಳದಿಯ 'ಸನ್‌ಬರ್ಸ್ಟ್' ಬಣ್ಣದ ಗಿಬ್ಸನ್ ಲೆಸ್ ಪಾಲ್ ಗಿಟಾರುಗಳು ಸುಮಾರು ಒಂದೂವರೆ ಸಾವಿರ ಅಷ್ಟೇ. ಅವುಗಳ ಕೆಂಪು ಬಣ್ಣ ಬಿಸಿಲಿಗೆ ಹಾರಿಹೋಗುವಂಥದ್ದು. ಅಂಚಿನ ಕೆಂಪು ಕೆಲವದರಲ್ಲಿ ಪೂರ್ತಿ ಮಾಯವಾಗಿ ಜೇನಿನ ಬಣ್ಣ ಮಾತ್ರ ಉಳಿದಿದೆ. ಆದರೆ ಬೆಳಕು ಬೀಳದ ಕಡೆ, ಪಿಕಪ್ಪಿನ ಚೌಕಟ್ಟಿನ ಅಡಿಯಲ್ಲಿ, ಹಳೇ ಬಣ್ಣ ಸ್ವಲ್ಪವಾದರೂ ಉಳಿದಿರಲೇಬೇಕು. ಹೊರಗೆ ಮಾಸಿದ್ದು ಒಳಗೂ ಅಷ್ಟೇ ಮಾಸಿದ್ದರೆ ಅದು ಬಿಸಿಲಿನ ಕೆಲಸವಲ್ಲ. ಅವುಗಳ ಹಂಬಕರ್, ಅಂದರೆ ಎರಡು ಸುರುಳಿಯ, ಪಿಕಪ್ಪಿನ ಅಡಿಯಲ್ಲಿ 'ಪೇಟೆಂಟ್ ಅಪ್ಲೈಡ್ ಫಾರ್' ಎಂಬ ಚೀಟಿ ಇರುತ್ತದೆ. ಅದನ್ನು ರೂಪಿಸಿದ ಸೆತ್ ಲವರ್ 1955ರಲ್ಲಿ ಅರ್ಜಿ ಹಾಕಿದರು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆಮೇಲೆ ಕಂಪನಿ ಚೀಟಿಯಲ್ಲಿ ನಂಬರ್ ಹಾಕತೊಡಗಿತು, ಆದರೆ ಹಾಕಿದ್ದು 2,737,842. ಅದು ಪಿಕಪ್ಪಿನ ಪೇಟೆಂಟೇ ಅಲ್ಲ, ತಂತಿ ಕಟ್ಟುವ ಟೇಲ್‌ಪೀಸಿನದ್ದು! ಅಸಲಿಯಲ್ಲೇ ಇಂಥ ತಪ್ಪು ಇರುವಾಗ ತಪ್ಪಿದೆ ಅಂತ ನಕಲಿ ಎನ್ನಲೂ ಆಗುವುದಿಲ್ಲ. ಚೀಟಿ ಅಚ್ಚು ಹಾಕಿಸುವುದು ಯಾರಿಗೂ ಕಷ್ಟವಲ್ಲ. ಅದನ್ನು ನಾನು ಸಾಕ್ಷಿಗಳ ಸಾಲಿನಲ್ಲಿ ಬಹಳ ಹಿಂದೆ ಕೂರಿಸುತ್ತೇನೆ.

ತುಕ್ಕು. ಹಳೆಯದರಂತೆ ಕಾಣುವ ಹೊಸ ಗಿಟಾರುಗಳನ್ನು ಫೆಂಡರ್ ಕಂಪನಿಯೇ 1995ರಿಂದ ಮಾಡಿ ಮಾರುತ್ತಿದೆ. ಅದು ಹೇಳಿ ಮಾರುವ ವ್ಯಾಪಾರ, ತಪ್ಪೇನಿಲ್ಲ. ಆ ಕೈಚಳಕ ಕಲಿತವರು ಹೇಳದೆ ಮಾರುವಾಗ ತೊಂದರೆ. ಆಸಿಡ್ಡಿನ ಹಬೆಯಲ್ಲಿ ಇಟ್ಟ ಸ್ಕ್ರೂ, ಸ್ಯಾಡಲ್ (ತಂತಿ ಕೂರುವ ತುಂಡು), ಟ್ಯೂನರ್ (ತಂತಿ ಬಿಗಿಯುವ ತಿರುಪು) ಎಲ್ಲಕ್ಕೂ ಒಂದೇ ದಪ್ಪದ, ಒಂದೇ ಬಣ್ಣದ ತುಕ್ಕು ಬರುತ್ತದೆ. ನಿಜವಾದ ತುಕ್ಕು ಮನುಷ್ಯನ ಕೈಯನ್ನು ಹಿಂಬಾಲಿಸುತ್ತದೆ. ನುಡಿಸುವವರ ಬಲ ಅಂಗೈ ಸ್ಯಾಡಲ್‌ಗಳಿರುವ ಬ್ರಿಡ್ಜಿನ ಮೇಲೆ ಕೂರುತ್ತದೆ. ದಪ್ಪ ತಂತಿಗಳ ಕಡೆಯ ಸ್ಯಾಡಲ್‌ಗಳ ಮೇಲೆ ಬೆವರು ಬಿದ್ದು ಅಲ್ಲೇ ಮೊದಲು ಹೊಟ್ಟು ಏಳುತ್ತದೆ. ತೆಳು ತಂತಿಯ ಕಡೆ ಅಷ್ಟಿರುವುದಿಲ್ಲ. ಎತ್ತರ ಹೊಂದಿಸುವ ಸಣ್ಣ ಸ್ಕ್ರೂಗಳ ತಲೆ ತಿಂದುಹೋಗಿ ಕೀಲಿ ಕೂರುವ ತೂತು ಮುಚ್ಚಿರುತ್ತದೆ. ಬ್ರಿಡ್ಜ್ ಮೇಲೆ ಕಾರ್ಖಾನೆಯ ಮುಚ್ಚಳ ಕೊನೆತನಕ ಇತ್ತು ಅಂತ ಹೇಳಿದರೆ ಸ್ಯಾಡಲ್ ಚೊಕ್ಕಟವಾಗಿರಬೇಕು, ಮುಚ್ಚಳ ಮಾಸಿರಬೇಕು. ಪಿಕ್‌ಗಾರ್ಡಿನ ಸ್ಕ್ರೂ ಬಿಚ್ಚಿದರೆ ತಲೆ ಕೆಂಪಾಗಿದ್ದರೂ ಮರದ ಒಳಗಿದ್ದ ಎಳೆ ಬಿಳಿಯಾಗಿ ಬರುತ್ತದೆ. ತಲೆಯಿಂದ ತುದಿಯ ತನಕ ಒಂದೇ ಕೆಂಪು ಇದ್ದರೆ ಅದು ಮರದಲ್ಲಿ ಕೂತು ಹಳೆಯದಾದ ಸ್ಕ್ರೂ ಅಲ್ಲ.

ಸವೆತವೂ ಹಾಗೆಯೇ. ಮುಂಗೈ ಒರಗುವ ಕಡೆ ಬಣ್ಣ ಹೋಗಿ ಮರ ಕಾಣುತ್ತಿದೆ ಅಂದರೆ ಯಾರೋ ಸಾವಿರಾರು ಗಂಟೆ ನುಡಿಸಿದ್ದಾರೆ. ಹಾಗಾದರೆ ಮೊದಲ ಮೂರು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಗುಳಿ ಇರಬೇಕು, ಇಲ್ಲವೇ ಫ್ರೆಟ್ ಬದಲಿಸಿದ ಗುರುತು ಇರಬೇಕು. ಎರಡೂ ಇಲ್ಲದೆ ಬಾಡಿ ಮಾತ್ರ ಸವೆದಿದ್ದರೆ ಸವೆಸಿದ್ದು ಉಪ್ಪುಕಾಗದ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಬದಲಾಯಿಸಿದ್ದೆಲ್ಲ ಕೆಟ್ಟದ್ದಾ? ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ 'ಬ್ಲ್ಯಾಕಿ' ಮೂರು ಬೇರೆ ಬೇರೆ ಸ್ಟ್ರಾಟೋಕಾಸ್ಟರುಗಳಿಂದ ಕೂಡಿಸಿದ ಗಿಟಾರ್. 2004ರಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೋಕಾಸ್ಟರಿನ ನೆಕ್ ಹಲವು ಸಲ ಬದಲಾಗಿತ್ತು, ಪಿಕಪ್ ಬದಲಾಗಿತ್ತು, ಹೊಸ ಸ್ವಿಚ್ ಸೇರಿತ್ತು. 2019ರಲ್ಲಿ ಅದಕ್ಕೆ 39,75,000 ಡಾಲರ್. ಅಲ್ಲಿ ಬೆಲೆ ಬಿದ್ದದ್ದು ಯಾರು ನುಡಿಸಿದರು ಅನ್ನುವುದಕ್ಕೆ, ಅದಕ್ಕೆ ದಾಖಲೆ ಇತ್ತು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಕಂಪನಿಯ ಬಾಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ಕಳವಾಗಿ, ಅರ್ಧ ಶತಮಾನದ ನಂತರ ಸಿಕ್ಕಿತು ಅಂತ 2024ರಲ್ಲಿ ಪ್ರಕಟವಾಯಿತು. ಹಾಫ್ನರ್ ಕಂಪನಿಯೇ ನೋಡಿ ಅದು ಅದೇ ಬಾಸ್ ಅಂತ ಖಚಿತ ಮಾಡಿತು. ಮರದ ಎಳೆಯ ಓಟ, ಒಂದು ಚಕ್ಕೆ ಎದ್ದ ಜಾಗ, ಇವು ಹಳೇ ಫೋಟೋಗಳೊಂದಿಗೆ ಕೂಡಿ ಬಂದರೆ ಯಾವ ಪ್ರಮಾಣಪತ್ರವೂ ಅದರ ಮುಂದೆ ನಿಲ್ಲುವುದಿಲ್ಲ.

ಹೆಸರಾಂತರು ನುಡಿಸದ ಗಿಟಾರಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ನುಡಿಸುವ ಆಸೆಗೆ ಕೊಳ್ಳುವವರು ಮುರಿದು ಸರಿಯಾಗಿ ಅಂಟಿಸಿದ, ಬಣ್ಣ ಬದಲಾದ, ಅದನ್ನು ಬಾಯಿಬಿಟ್ಟು ಹೇಳಿ ಮಾರುವ ಗಿಟಾರನ್ನೇ ಹುಡುಕಬೇಕು. ಅದೇ ಮರ, ಅದೇ ಪಿಕಪ್, ಅರ್ಧ ಬೆಲೆ. ಒಳ್ಳೆಯ ಅಂಟಿನ ಕೆಲಸ ಮುರಿದ ಜಾಗವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸ್ಥಿತಿ ಅಂದರೆ ಬರೀ ಹೊಳಪಲ್ಲ. ಟ್ರಸ್ ರಾಡ್ ತಿರುಗುತ್ತದೆಯಾ, ನೆಕ್ ನೇರ ಇದೆಯಾ, ಫ್ರೆಟ್ಟಿನಲ್ಲಿ ಇನ್ನೆಷ್ಟು ಲೋಹ ಉಳಿದಿದೆ. ಇವನ್ನು ಕ್ಯಾಟಲಾಗ್ ಹೇಳದಿದ್ದರೆ ಕೇಳಿ ತಿಳಿದುಕೊಳ್ಳಬೇಕು. ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ನಾಲ್ಕರಲ್ಲೊಂದು ಪಾಲಿನ ಹತ್ತಿರ ಹೋಗಬಹುದು, ಸಾಗಾಟ, ಕಸ್ಟಮ್ಸ್ ಸುಂಕ ಬೇರೆ. ಫ್ರೆಟ್‌ಬೋರ್ಡಿನ ಮರವನ್ನೂ ನೋಡಬೇಕು. 60ರ ದಶಕದ ನಡುವಿನ ತನಕ ಅದು ಹೆಚ್ಚಾಗಿ ಬ್ರೆಜಿಲ್ ರೋಸ್‌ವುಡ್. 1992ರಿಂದ ಅದಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಇದೆ, ಪರವಾನಗಿ ಕಾಗದ ಇಲ್ಲದೆ ಗಡಿ ದಾಟಿಸುವಂತಿಲ್ಲ. ಆಮೇಲೆ ಅದರ ಜಾಗಕ್ಕೆ ಬಂದದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಘಟ್ಟದ ಬೀಟೆ. ಅದರಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ.

ಸದಾಶಿವಗಡದ ಕಡೆ ಒಂದು ಮನೆಯಿಂದ ಈಚೆಗೆ ಕರೆ ಬಂದಿತ್ತು. ಮನೆಯ ಯಜಮಾನರು ಹಡಗಿನಲ್ಲಿ ಕೆಲಸ ಮಾಡಿದವರು, ಈಗಿಲ್ಲ. 70ರ ದಶಕದಲ್ಲಿ ಜಪಾನಿನಿಂದ ಒಂದು ಗಿಟಾರ್ ತಂದಿದ್ದರು. ಹೆಡ್‌ಸ್ಟಾಕಿನ ಮೇಲೆ ಗಿಬ್ಸನ್ ಅಂತ ಇತ್ತು. ಲೆಸ್ ಪಾಲ್‌ಗಳ ಬೆಲೆ ನೋಡಿದ ಮಗನಿಗೆ ಲಂಡನ್ನಿನ ಹರಾಜಿಗೆ ಕಳಿಸುವ ಯೋಚನೆ. "ಅಣ್ಣ, ಒಮ್ಮೆ ಬಂದು ನೋಡಿ ಹೇಳಿ" ಅಂದ.

ಪೆಟ್ಟಿಗೆ ತೆಗೆದು ಗಿಟಾರನ್ನು ಮಗುಚಿದೆ. ಹಿಂಬದಿಯಲ್ಲಿ ನಾಲ್ಕು ಸ್ಕ್ರೂಗಳ ತಗಡು. ಲೆಸ್ ಪಾಲ್ ಸ್ಟ್ಯಾಂಡರ್ಡಿನ ನೆಕ್ ಅಂಟಿಸಿದ್ದು, ಅಲ್ಲಿ ತಗಡು ಬರುವುದೇ ಇಲ್ಲ. ತಗಡಿನ ಮೇಲೆ 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್', ಅದರ ಜೊತೆ 'ಮೇಡ್ ಇನ್ ಜಪಾನ್'. ಮೇಲ್ಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ನಡುವಿನಲ್ಲಿ ಪೊಳ್ಳು ಸದ್ದು. ಆ ಕಾಲದ ಜಪಾನಿ ಪ್ರತಿಗಳಲ್ಲಿ ಪ್ಲೈವುಡ್ಡನ್ನು ಬಗ್ಗಿಸಿ ಉಬ್ಬು ಬರಿಸುತ್ತಿದ್ದರು, ಅಡಿಯಲ್ಲಿ ಟೊಳ್ಳು ಉಳಿಯುತ್ತಿತ್ತು. ಪೆಟ್ಟಿಗೆಯ ಕಿಸೆಯಲ್ಲಿ ಒಂದು ಫೋಟೋ ಇತ್ತು. ಮದುವೆ ಮಂಟಪದಲ್ಲಿ ಅವರು ಅದೇ ಗಿಟಾರ್ ನುಡಿಸುತ್ತಿದ್ದಾರೆ. ಬಾಡಿಯ ಕೆಳಗಿನ ಅಂಚಿನ ಚಕ್ಕೆ ಫೋಟೋದಲ್ಲೂ ಇದೆ, ಗಿಟಾರಿನಲ್ಲೂ ಇದೆ. ಆದರೆ ಫೋಟೋದಲ್ಲಿ ಹೆಡ್‌ಸ್ಟಾಕಿನ ಹೆಸರು ಬೇರೆ ಜಾಗದಲ್ಲಿ, ಬೇರೆ ಉದ್ದಕ್ಕೆ ಇತ್ತು. ಗಿಬ್ಸನ್ ಅನ್ನುವ ಅಕ್ಷರ ಆಮೇಲೆ ಅಂಟಿಸಿದ್ದು. ಆ ಕಾಲದಲ್ಲಿ ಬ್ಯಾಂಡಿನ ಹುಡುಗರು ಆಸೆಗೆ ಹಾಗೆ ಅಂಟಿಸಿಕೊಳ್ಳುತ್ತಿದ್ದರು, ಮಾರುವ ಉದ್ದೇಶವೇ ಇರುತ್ತಿರಲಿಲ್ಲ.

ಮಗನಿಗೆ ಬೇಜಾರಾಯಿತು. ಅವನ ತಾಯಿ ಕೇಳಿದರು, "ಹಾಗಾದ್ರೆ ಸುಳ್ಳು ಆ ಹೆಸರು ಮಾತ್ರ ಅಲ್ವಾ? ಗಿಟಾರ್ ಸುಳ್ಳಲ್ಲ ಅಲ್ವಾ?"

ಅಲ್ಲ ಅಂದೆ. ಬ್ರಿಡ್ಜಿನ ದಪ್ಪ ತಂತಿಯ ಕಡೆ ಹೊಟ್ಟು ಎದ್ದಿತ್ತು, ಮೂರು ಫ್ರೆಟ್ಟುಗಳಲ್ಲಿ ಗುಳಿ ಬಿದ್ದಿತ್ತು, ಮುಂಗೈ ಒರಗಿದ ಕಡೆ ಬಣ್ಣ ಮಂಕಾಗಿತ್ತು. ಪಾಟ್‌ಗಳ ಬೆಸುಗೆ ಯಾರೂ ಮುಟ್ಟಿರಲಿಲ್ಲ. ಎಲ್ಲವೂ ತಾಳೆ. ಜಪಾನಿ ಗಿಟಾರ್ ಅಂತಲೇ ಹೇಳಿ ಮಾರಿದರೆ ಕೊಳ್ಳುವವರು ಸಿಗುತ್ತಾರೆ, ಲೆಸ್ ಪಾಲ್ ದರ ಬರುವುದಿಲ್ಲ ಅಂತ ವಿವರಿಸಿದೆ. ಮಾರುವುದಾದರೆ ಆ ಅಕ್ಷರ ತೆಗೆದು, ತೆಗೆದದ್ದನ್ನು ಬರೆದು ತಿಳಿಸಿ, ಫೋಟೋದ ಪ್ರತಿ ಜೊತೆಗಿಡಿ ಅಂದೆ. ಅವರು ಸದ್ಯಕ್ಕೆ ಮಾರುವುದಿಲ್ಲ ಅಂತ ತೀರ್ಮಾನಿಸಿದರು. ಫ್ರೆಟ್ ಸಮ ಮಾಡಿ ಹೊಸ ತಂತಿ ಹಾಕಿಕೊಟ್ಟೆ.

ಭಟ್ಕಳದಿಂದ ಕಾರವಾರದ ತನಕ ಇಂಥ ಗಿಟಾರುಗಳು ಅಟ್ಟದ ಮೇಲೆ, ಮಂಚದ ಅಡಿಯಲ್ಲಿ ಇನ್ನೂ ಇವೆ. ಹಡಗಿನವರು ತಂದದ್ದು, ಗಲ್ಫಿನಿಂದ ಬಂದದ್ದು, ಗೋವಾದಲ್ಲಿ ಕೊಂಡದ್ದು. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪಾಲಿಶ್ ಹಾಕಬೇಡಿ, ಬಣ್ಣ ಹೊಡೆಸಬೇಡಿ. ತುಕ್ಕು ಹಿಡಿದ ಟ್ಯೂನರ್ ಬದಲಿಸಲೇಬೇಕು ಅಂದರೆ ಬದಲಿಸಿ, ನುಡಿಸುವುದು ಮುಖ್ಯ. ಆದರೆ ತೆಗೆದ ಟ್ಯೂನರ್, ಸ್ಕ್ರೂ, ನಟ್ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಪೆಟ್ಟಿಗೆಯಲ್ಲೇ ಇಡಿ. ಹೊಸ ತೂತು ಕೊರೆಯದೆ ಕೂರುವ ಟ್ಯೂನರನ್ನೇ ಹುಡುಕಿ. ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಹಾಕಿ, ವಾರಕ್ಕೊಮ್ಮೆ ತೆಗೆದು ಗಾಳಿಗಿಡಿ. ಹಳೇ ಬಿಲ್ಲು, ಹಳೇ ಫೋಟೋ, ತಂತಿಯ ಖಾಲಿ ಕವರ್ ಸಿಕ್ಕಿದರೂ ಎಸೆಯಬೇಡಿ. ನನಗೆ ಫೋಟೋ ಕಳಿಸುವವರು ಮುಂಭಾಗದ್ದು ಒಂದು ಕಳಿಸಿದರೆ ಸಾಕು. ಹಿಂಭಾಗದ್ದು, ಒಳಗಿನದ್ದು ಜಾಸ್ತಿ ಕಳಿಸಿ, ಫ್ಲ್ಯಾಶ್ ಇಲ್ಲದೆ, ಹಗಲು ಬೆಳಕಿನಲ್ಲಿ ತೆಗೆದದ್ದು.